ಕ್ಯಾನ್ಸರ್ ರೋಗಿಯ ಆಹಾರಕ್ರಮ
ಕ್ಯಾನ್ಸರ್ ಚಿಕಿತ್ಸೆಯ ಮೊದಲು, ನಡುವೆ ಹಾಗೂ ಅನಂತರ ಊಟದಲ್ಲಿ ಮಾಡಿಕೊಳ್ಳುವ ಬದಲಾವಣೆ. ಚಿಕಿತ್ಸೆಯ ಕಾಲದಲ್ಲಿ ತೂಕ ಇಳಿಯದಂತೆ ಕಾಯುವುದೇ ಮುಖ್ಯ ಗುರಿ. ಪಥ್ಯವೆಂದು ಅರೆಹೊಟ್ಟೆ ಉಣಿಸುವುದು ತಪ್ಪು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕಿಲೋಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಸಾಮಾನ್ಯ ಲೆಕ್ಕ. ಕಿಮೋಥೆರಪಿಯಿಂದ ವಾಕರಿಕೆ, ರುಚಿಗೇಡು ಬರುತ್ತವೆ. ಬಾಯಿಗೆ ಕಬ್ಬಿಣದ ರುಚಿ ಬಂದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಬಳಸಬಹುದು. ಬಾಯಿಹುಣ್ಣಿದ್ದಾಗ ಹುಳಿ, ಖಾರ ಬಿಟ್ಟು ಆರಿದ ರಾಗಿ ಗಂಜಿ, ಮೆತ್ತನೆಯ ಮೊಸರನ್ನ, ನುಣ್ಣಗೆ ಬೇಯಿಸಿದ ಬೇಳೆ ಅಥವಾ ಮೊಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡುತ್ತಾರೆ. ಬಿಳಿ ರಕ್ತಕಣ ಕುಸಿದಾಗ ಹಸಿ ಮೊಟ್ಟೆ, ಕಾಯಿಸದ ಹಾಲು, ಬೀದಿಬದಿಯ ಕತ್ತರಿಸಿದ ಹಣ್ಣು ಸಲ್ಲದು.
ಸಕ್ಕರೆ ಬಿಟ್ಟರೆ ಗೆಡ್ಡೆ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ: ದೇಹ ಬೇರೆ ಆಹಾರದಿಂದಲೂ ಗ್ಲೂಕೋಸ್ ತಯಾರಿಸುತ್ತದೆ.
ತಡೆಗಟ್ಟುವಿಕೆಯ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಕರ್ನಾಟಕದ ಮಟ್ಟಿಗೆ ಹೆಚ್ಚು ಪ್ರಸ್ತುತವಾದ ಅಡಿಕೆ ಅದಕ್ಕೂ ಮೊದಲೇ ಆ ಪಟ್ಟಿ ಸೇರಿದೆ. ತಂಬಾಕಿಲ್ಲದ ಎಲೆಯಡಿಕೆಯೂ ನಿರಪಾಯವಲ್ಲ.