ಒತ್ತಕ್ಷರದ ಹೊರೆ ಹೊತ್ತ ಬೆರಳು

‘ಸ್ವಾತಂತ್ರ್ಯ’ ಎಂಬ ಪದವನ್ನು ‘ನುಡಿ’ಯಲ್ಲಿ ಟೈಪ್ ಮಾಡಲು, ಶಿಫ್ಟ್ ಬಿಟ್ಟು, 11 ಸಲ ಕೀಲಿ ಒತ್ತಬೇಕು. ಅದರಲ್ಲಿ 7 ಎಡಗೈ ತೋರುಬೆರಳೊಂದರ ಪಾಲು. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಎರಡು ಹೋಳಿನ ಕೀಲಿಮಣೆ ಕಟ್ಟಲು ಕೂತು, ಯಾವ ಕೀಲಿ ಯಾವ ಕೈಗೆ ಎಂದು ಹಾಳೆಯ ಮೇಲೆ ಹಂಚುವಾಗ ಈ ಲೆಕ್ಕ ಕಣ್ಣಿಗೆ ಬಿತ್ತು.

ಇಂಗ್ಲಿಷ್ ಕೀಲಿಗಳ ಕ್ರಮ 1870ರ ದಶಕದ ಶೋಲ್ಸ್ ಮತ್ತು ರೆಮಿಂಗ್ಟನ್ ಯಂತ್ರದಿಂದ ಬಂದದ್ದು. ಅಲ್ಲಿ ಹೆಬ್ಬೆರಳಿಗೆ ಪದಗಳ ನಡುವಿನ ಜಾಗ ಬಿಡುವುದಷ್ಟೇ ಕೆಲಸ. 1970ರ ದಶಕದಲ್ಲಿ ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ತಮ್ಮ ‘ಮಾಲ್ಟ್ರಾನ್’ನಲ್ಲಿ ಕೀಲಿಗಳನ್ನು ಎರಡು ಗುಂಪಾಗಿ ಬೇರ್ಪಡಿಸಿ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ‘ಇ’ ಅಕ್ಷರವನ್ನೇ ಹೆಬ್ಬೆರಳಿಗೆ ಒಪ್ಪಿಸಿದರು.

ಕನ್ನಡದ ಕಥೆ ಬೇರೆ. ಅನಂತಸುಬ್ಬರಾಯರು ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದಾಗ ಅಕ್ಷರವನ್ನು ತುಂಡುಗಳಾಗಿ ಒಡೆಯಬೇಕಿತ್ತು. ಒತ್ತುಗಳಿಗೂ ಬೇರೆ ಕೀಲಿ. ಕಂಪ್ಯೂಟರ್ ಬಂದ ಮೇಲೆ ಆ ಕಷ್ಟ ತಪ್ಪಿತು. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಒತ್ತಿದರೆ ಒತ್ತಕ್ಷರ ತಾನೇ ಕೂಡಿಕೊಳ್ಳುತ್ತದೆ. ಈ ಹಲಂತವನ್ನು ಎಲ್ಲಿಡಬೇಕು?

ಕೆ.ಪಿ. ರಾವ್ ಅದನ್ನು ‘ಎಫ್’ ಮೇಲಿಟ್ಟರು. ಕನ್ನಡಕ್ಕೆ ಆ ಧ್ವನಿ ಬೇಡವಾದ್ದರಿಂದ ಕೀಲಿ ಬಿಡುವಾಗಿತ್ತೆಂದು ನನ್ನ ಊಹೆ. ಬೆರಳು ಸಹಜವಾಗಿ ಕೂರುವ ಜಾಗವೂ ಹೌದು. ಆದರೆ ರ, ತ, ವ, ಬ, ಗ ಎಲ್ಲವೂ ಅದೇ ಬೆರಳಿನ ಸುತ್ತ ಇವೆ. 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ಸ್ವರಗಳನ್ನು ಎಡಕ್ಕೂ ವ್ಯಂಜನಗಳಲ್ಲಿ ಬಹುಪಾಲನ್ನು ಬಲಕ್ಕೂ ಹಂಚಿತ್ತು. ಅದರಲ್ಲಿ ಇದೇ ಪದ ಎಡಕ್ಕೆ 6, ಬಲಕ್ಕೆ 5. ಕೊನೆಯ 7 ಒತ್ತುಗಳಲ್ಲಂತೂ ಎರಡೂ ಕೈ ಸರದಿಯಂತೆ ಆಡುತ್ತವೆ. ಕೈಯ ದೃಷ್ಟಿಯಿಂದ ಇದೇ ಮೇಲು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಗೆದ್ದದ್ದು ರಾವ್ ವಿನ್ಯಾಸ, ಅದೂ ನ್ಯಾಯವಾಗಿಯೇ: ‘ಕೆ’ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ಯಾರಿಗೂ ತರಬೇತಿ ಬೇಕಿರಲಿಲ್ಲ. ಕರ್ನಾಟಕ ಸರ್ಕಾರ ಮಾನ್ಯ ಮಾಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಕಚೇರಿ ಕಚೇರಿಗೆ ತಲುಪಿಸಿತು.

ಹಾಗಾಗಿ ನಾನು ರಾವ್ ವಿನ್ಯಾಸ ಬಿಡಲಿಲ್ಲ, ಹಲಂತವನ್ನಷ್ಟೇ ಎತ್ತಿದೆ. ಹೋಳಿಗೆ 21ರಂತೆ ಒಟ್ಟು 42 ಸ್ವಿಚ್. ಅವು ಕೂರುವ ತಗಡನ್ನು ಪೀಣ್ಯದ ಲೇಸರ್ ಕಟಿಂಗ್ ಅಂಗಡಿಯಲ್ಲಿ ಕೊರೆಸಿದೆ, ಡಯೋಡ್‌ಗಳು ಎಸ್‌.ಪಿ. ರಸ್ತೆಯವು. ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್ ಬೆಸುಗೆ ಹಾಕಬೇಕು, ಇಲ್ಲದಿದ್ದರೆ ಹಲವು ಕೀಲಿ ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿಯೂ ಒತ್ತಿದಂತೆ ಕಾಣುತ್ತದೆ. ಕೀಲಿಮಣೆಗೆ ಕನ್ನಡ ಗೊತ್ತಿಲ್ಲ. ಅದು ಬರೀ ಸಂಕೇತ ಕಳಿಸುತ್ತದೆ, ಅಕ್ಷರ ಮಾಡುವುದು ಕಂಪ್ಯೂಟರಿನ ‘ನುಡಿ’. ಕ್ಯೂಎಂಕೆ ತಂತ್ರಾಂಶದಲ್ಲಿ ಕನ್ನಡಕ್ಕೆಂದೇ ಒಂದು ಪದರ ಮಾಡಿ, ಬಲ ಹೆಬ್ಬೆರಳು ‘ಎಫ್’ ಸಂಕೇತ ಕಳಿಸುವಂತೆ ಬರೆದರೆ ಮುಗಿಯಿತು. ಪದಗಳ ನಡುವಿನ ಜಾಗ ಎಡ ಹೆಬ್ಬೆರಳಿಗೆ.

ಈಗ ‘ಸ್ವಾತಂತ್ರ್ಯ’ಕ್ಕೆ ಆ ತೋರುಬೆರಳು 4 ಸಲ ದುಡಿದರೆ ಸಾಕು. ಕನ್ನಡದ ಪದರದಲ್ಲಿ ‘ಎಫ್’ ಜಾಗ ಸದ್ಯಕ್ಕೆ ಖಾಲಿ ಇದೆ. ಶಿಫ್ಟ್ ಉಳಿಸಲು ದೀರ್ಘದ ‘ಆ’ ಅಲ್ಲಿಡುವ ಆಸೆಯೇನೋ ಇದೆ, ಆದರೆ ಹಾಗೆ ಮಾಡಿದರೆ ಲೆಕ್ಕ ಮತ್ತೆ 5ಕ್ಕೆ ಏರುತ್ತದೆ.