ರೂಮ್ ಖಾಲಿ ಇದೆಯಾ? ಮುಂದಿನ ಕೋಣೆಯ ಇತಿಹಾಸ

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧವೂ ಇಲ್ಲ. ಇವತ್ತಿನದು ಒಂದು ರೂಮಿನ ಕಥೆ. ಮನೆಯವರು ಒಳಗೆ ಇದ್ದುಕೊಂಡೇ ಮುಂದಿನ ಒಂದು ಕೋಣೆಯನ್ನ ಬಾಡಿಗೆಗೆ ಕೊಡ್ತಾರಲ್ಲ, ಆ ರೂಮು.

ನನ್ನೂರು ನಂದಿಗುಡಿ, ಹರಿಹರ ತಾಲ್ಲೂಕು. ನಮ್ಮ ಕಡೆ ಹುಡುಗರು ಓದೋಕೆ, ದುಡಿಯೋಕೆ ಅಂತ ಹೊರಟರೆ ಸೇರೋದು ಹರಿಹರ, ಇಲ್ಲಾಂದ್ರೆ ದಾವಣಗೆರೆ. ಈ ಎರಡೂ ಊರಲ್ಲಿ ಬಾಡಿಗೆ ರೂಮು ಬೆಳೆದಿದ್ದು ಕಾರ್ಖಾನೆ ಮತ್ತು ಕಾಲೇಜುಗಳಿಂದ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳಿದ್ದವು. ಹರಿಹರಕ್ಕೆ 1941ರಲ್ಲಿ ಲೇತ್ ತಯಾರಿಸೋ ಮೈಸೂರು ಕಿರ್ಲೋಸ್ಕರ್ ಬಂತು. 1970ರ ದಶಕದಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್. ಇತ್ತ ದಾವಣಗೆರೆಯಲ್ಲಿ 1965ಕ್ಕೆ ಜೆಜೆಎಂ ಮೆಡಿಕಲ್ ಕಾಲೇಜು, 1979ಕ್ಕೆ ಬಿಐಇಟಿ. ರಾತ್ರಿ ಶಿಫ್ಟ್ ಮುಗಿಸಿದವನಿಗೆ ಊರಿನ ಬಸ್ಸಿಲ್ಲ, ಹಾಸ್ಟೆಲ್ ಎಲ್ಲರಿಗೂ ಸಿಗಲ್ಲ. ಮನೆಯವರಿಗೂ ತಿಂಗಳ ಖರ್ಚಿಗೆ ಒಂದಿಷ್ಟು ಕಾಸು ಬೇಕಿತ್ತು.

ಆದರೆ ಬಾಡಿಗೆದಾರ ಅಂದ್ರೆ ಓನರ್‌ಗೆ ಒಳಗೊಳಗೇ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯವಾಗ್ತಿದ್ದ ಕಡೆ, ಕಾಯ್ದೆ ಹೇಳಿದ ಕಾರಣ ತೋರಿಸದೆ ಬಾಡಿಗೆದಾರನನ್ನ ಬಿಡಿಸೋ ಹಾಗಿರಲಿಲ್ಲ. ಕೋರ್ಟಿಗೇ ಹೋಗಬೇಕಿತ್ತು. ಆ ಕಾಯ್ದೆ ನಡೆದಿದ್ದು 40 ವರ್ಷ, 2001ರ ಕೊನೇವರೆಗೆ. ಹಾಗಾಗಿ ಪರಿಚಯದವರ ಮೂಲಕ ಬಂದ ಹುಡುಗನೇ ಆಗಬೇಕು ಅನ್ನೋದು ರೂಢಿಯಾಯ್ತು.

ಅಂದಹಾಗೆ, ಅಗ್ರಿಮೆಂಟಲ್ಲಿ 11 ತಿಂಗಳು ಅಂತ ಯಾಕಿರುತ್ತೆ ಗೊತ್ತಾ? 12 ಆದ್ರೆ ಬಾಡಿಗೆದಾರನಿಗೆ ಹಕ್ಕು ಬಂದ್ಬಿಡುತ್ತೆ ಅಂತ ತುಂಬ ಜನ ನಂಬಿದ್ದಾರೆ. ಅದಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ, ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ರಿಜಿಸ್ಟರ್ ಆಗಲೇಬೇಕು. ಆ ಖರ್ಚು, ಆ ಓಡಾಟ ತಪ್ಪಿಸೋಕೆ 11. ನೂರು ವರ್ಷ ದಾಟಿದ ಜಾಣತನ ಇದು.

ಹೆದರಿಕೆಗೆ ಕಾನೂನು ಕಾರಣ ಅಂತ ಒಪ್ಪೋಣ. ಆದರೆ ರೂಮು ಕೇಳೋಕೆ ಹೋದವನಿಗೆ ಎದುರಾಗೋ ಮೊದಲ ಪ್ರಶ್ನೆ ಅಡ್ವಾನ್ಸಿನದಲ್ಲ. "ಯಾವ ಪೈಕಿ ನೀವು?" ಅನ್ನೋದು. ಇದು ಬಾಡಿಗೆ ಕಾಯ್ದೆಗಿಂತ ಎಷ್ಟೋ ಹಳೇದು.

1917ರ ಬರೋಡಾಕ್ಕೆ ಹೋಗೋಣ. ಅಮೆರಿಕದ ಕೊಲಂಬಿಯಾದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ ಬಂದ ಅಂಬೇಡ್ಕರ್ ಅಲ್ಲಿನ ಸಂಸ್ಥಾನದ ಕೆಲಸಕ್ಕೆ ಸೇರ್ತಾರೆ. ಸಂಬಳ ಇತ್ತು, ರೂಮಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೋತಾರೆ. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತಾರು ಜನ ಬಂದು, ಸಂಜೆಯೊಳಗೆ ಖಾಲಿ ಮಾಡು ಅಂತಾರೆ. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರನ್ನೂ ಕೇಳಿದ್ರು. ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಬಾಂಬೆ ರೈಲು ಬರೋವರೆಗೆ ಪಾರ್ಕಿನಲ್ಲಿ ಕೂತ್ರು. ಕೆಲಸ ಅಲ್ಲಿಗೇ ಮುಗೀತು. ಡಿಗ್ರಿ ಎಷ್ಟಿದ್ರೂ ಒಂದು ಕೋಣೆ ಸಿಗದಿದ್ರೆ ನೌಕರಿಯೇ ಇಲ್ಲ. ಓದಿದ್ದು ವ್ಯರ್ಥ ಅಂತಲ್ಲ, ಆದರೆ ಓದಿಗೂ ಸಂಬಳಕ್ಕೂ ನಡುವೆ ಒಬ್ಬ ಓನರ್ ಬಾಗಿಲಲ್ಲಿ ನಿಂತಿರ್ತಾನೆ.

ಆಮೇಲೆ ಸಂವಿಧಾನ ಬಂತು. ಹೋಟೆಲ್ಲು, ಅಂಗಡಿಗಳಲ್ಲಿ ಜಾತಿ ನೋಡಿ ತಡೆಯಬಾರದು ಅಂತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಯ್ತು: ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೂ ಯಾವುದೇ ಬೀದಿಯಲ್ಲಿ ಮನೆ ಮಾಡದಂತೆ ತಡೆಯೋದೂ ಅಪರಾಧವಾಯ್ತು. ಆದರೆ ನಿರಾಕರಣೆ ಅನ್ನೋದು ಸಾಕ್ಷಿ ಬಿಟ್ಟುಹೋಗಬೇಕಲ್ಲ? ಟು-ಲೆಟ್ ಬೋರ್ಡ್ ಇನ್ನೂ ತೂಗ್ತಿರುವಾಗಲೇ "ಈಗಷ್ಟೇ ಕೊಟ್ವಿ ಕಣಪ್ಪ" ಅಂದ್ರೆ ಯಾರ ಮೇಲೆ ಕೇಸು ಹಾಕ್ತೀರಿ?

ಈಗ "ಯಾವ ಪೈಕಿ" ಅಂತ ನೇರವಾಗಿ ಕೇಳೋದು ಕಡಿಮೆಯಾಗಿದೆ. ಫೋನಲ್ಲಿ ಪೂರ್ತಿ ಹೆಸರು ಕೇಳ್ತಾರೆ. ಮಾಂಸ ತಿಂತೀರಾ ಅಂತಾರೆ. ನಾನು ನಂದಿಗುಡಿ ಅಂದ್ರೆ, "ಓಹ್, ನಮ್ ನೆಂಟರಿದಾರೆ ಅಲ್ಲಿ. ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?" ಅಂತಾರೆ. ಹಳ್ಳಿಯಲ್ಲಿ ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.