ತುರ್ಕಿಯಲ್ಲಿ ಅಝಾನ್ ಬದಲಾದ ಹದಿನೆಂಟು ವರ್ಷಗಳು



ಮಿನಾರದಿಂದ ಅಝಾನ್ ಯಾವ ಭಾಷೆಯಲ್ಲಿ ಕೇಳಿಬರಬೇಕು ಎಂಬುದನ್ನು ಸರಕಾರವೇ ತೀರ್ಮಾನಿಸಿದ ಕಾಲವೊಂದು ತುರ್ಕಿಯ ಇತಿಹಾಸದಲ್ಲಿದೆ.

1923ರ ಅಕ್ಟೋಬರ್ 29ರಂದು ತುರ್ಕಿ ಗಣರಾಜ್ಯವಾಯಿತು. ಮರುವರ್ಷ ಮಾರ್ಚ್ 3ರಂದು ಖಿಲಾಫತ್ ರದ್ದಾಯಿತು. ಅದರ ಉಳಿವಿಗಾಗಿ ಚಳವಳಿ ನಡೆಸಿದ್ದ ನಮ್ಮ ದೇಶದ ಹಿರಿಯರಿಗೂ ಅದು ದೊಡ್ಡ ಆಘಾತವಾಗಿತ್ತು. ಹೊಸ ರಾಷ್ಟ್ರಕ್ಕೆ ಹೊಸ ಗುರುತು ಬೇಕೆಂದು ಮುಸ್ತಫಾ ಕಮಾಲ್ ಅವರ ಸರಕಾರ ಬಯಸಿತು. ಹೀಗೆ ಕಾನೂನು ಜನರ ದಿನನಿತ್ಯದ ಬದುಕಿನೊಳಗೆ ಬಂತು. 1925ರಲ್ಲಿ ಫೆಝ್ ಟೋಪಿ ಹೋಗಿ ಹ್ಯಾಟ್ ಬಂತು. 1928ರಲ್ಲಿ ಅರಬಿ ಲಿಪಿಯ ಜಾಗಕ್ಕೆ ಲ್ಯಾಟಿನ್ ಲಿಪಿ ಬಂತು. ಹೊಸ ಲಿಪಿ ಕಲಿತ ಮೊಮ್ಮಕ್ಕಳಿಗೆ ಅಜ್ಜನ ಪತ್ರವನ್ನಾಗಲಿ, ಅವರ ಗೋರಿಕಲ್ಲಿನ ಬರಹವನ್ನಾಗಲಿ ಓದಲು ಬಾರದಾಯಿತು. 1934ರ ಕಾನೂನು ಪ್ರತಿ ಮನೆತನಕ್ಕೂ ಅಡ್ಡಹೆಸರು ಕಡ್ಡಾಯ ಮಾಡಿತು. 1935ರಲ್ಲಿ ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಹೋಯಿತು.

ಇದರ ನಡುವೆ, 1932ರಲ್ಲಿ, ಅಝಾನ್‌ನ ಸರದಿ ಬಂತು. ‘ಅಲ್ಲಾಹು ಅಕ್ಬರ್’ ಎನ್ನುವಲ್ಲಿ ‘ತಾನ್ರಿ ಉಲುದುರ್’ ಎಂದು ಕೂಗಬೇಕಾಯಿತು. ದೇವರು ಮಹಾನನು ಎಂಬುದೇ ಅದರ ಅರ್ಥ. ಆದರೂ ಜನರ ಮನಸ್ಸು ಒಪ್ಪಲಿಲ್ಲ. 1933ರ ಫೆಬ್ರವರಿ 1ರಂದು ಬುರ್ಸಾ ನಗರದಲ್ಲಿ ನಮಾಝಿಗೆ ಬಂದವರು ಪ್ರತಿಭಟಿಸಿ ಬಂಧನಕ್ಕೊಳಗಾದರು. 1941ರ ಕಾನೂನಿನಂತೆ ಅರಬಿಯಲ್ಲಿ ಅಝಾನ್ ಕೊಟ್ಟವರಿಗೆ ಮೂರು ತಿಂಗಳವರೆಗೆ ಜೈಲುಶಿಕ್ಷೆ ವಿಧಿಸಬಹುದಿತ್ತು.

1950ರ ಚುನಾವಣೆಯಲ್ಲಿ ಅದ್ನಾನ್ ಮೆಂದೆರೆಸ್ ಅವರ ಪಕ್ಷ ಗೆದ್ದಿತು. ಜೂನ್ 16ರಂದು, ರಮಝಾನ್ ಆರಂಭದ ಹೊಸ್ತಿಲಲ್ಲಿ, ಸಂಸತ್ತು ಆ ಶಿಕ್ಷೆಯನ್ನು ತೆಗೆದುಹಾಕಿತು. ನಿಷೇಧ ತಂದಿದ್ದ ಪಕ್ಷವೂ ವಿರೋಧಿಸಲಿಲ್ಲ. ಗಮನಿಸಿ, ತುರ್ಕಿ ಭಾಷೆಯ ಅಝಾನನ್ನು ಯಾರೂ ನಿಷೇಧಿಸಲಿಲ್ಲ. ಬೇಕಿದ್ದವರು ಅದನ್ನೇ ಮುಂದುವರಿಸಬಹುದಿತ್ತು. ಆದರೆ ಮಸೀದಿಗಳು ಕೂಡಲೇ ಬಿಲಾಲ್ (ರ) ಕೂಗಿದ ಅಝಾನಿಗೆ ಮರಳಿದವು.

ಹಾಗಾದರೆ ತುರ್ಕಿಯ ಮುಸ್ಲಿಮರಿಗೆ ಮಾತೃಭಾಷೆ ಬೇಡವಾಗಿತ್ತೇ? ಖಂಡಿತ ಇಲ್ಲ. ಸಂಸತ್ತಿನ ತೀರ್ಮಾನದಂತೆ ಎಲ್ಮಾಲಿಲಿ ಹಮ್ದಿ ಯಾಝಿರ್ ಅವರು ತುರ್ಕಿ ಭಾಷೆಯಲ್ಲಿ ಬರೆದ ಕುರ್‌ಆನ್ ವ್ಯಾಖ್ಯಾನವನ್ನು ಅಲ್ಲಿ ಇಂದಿಗೂ ಆದರದಿಂದ ಓದುತ್ತಾರೆ. ಜುಮಾ ಖುತ್ಬಾದ ಉಪದೇಶ 1950ರ ನಂತರವೂ ತುರ್ಕಿ ಭಾಷೆಯಲ್ಲೇ ಉಳಿಯಿತು. 1921ರಲ್ಲಿ ಅಂಗೀಕಾರವಾದ ಅವರ ರಾಷ್ಟ್ರಗೀತೆಯನ್ನು ಬರೆದವರು ಮೆಹ್ಮೆತ್ ಆಕಿಫ್. ಅದರಲ್ಲಿ ಧ್ವಜದ ಜೊತೆಗೆ ಅಝಾನ್‌ನ ಸ್ಮರಣೆಯೂ ಇದೆ. ದೇಶಪ್ರೇಮಕ್ಕೂ ಅಝಾನಿಗೂ ಅವರು ವೈರ ಕಾಣಲಿಲ್ಲ.

ಭಾಷೆಗಳ ವೈವಿಧ್ಯ ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಸೂರಃ ಅರ್ರೂಮ್ ತಿಳಿಸುತ್ತದೆ. ಧರ್ಮವನ್ನು ಅರಿಯಲು ಮಾತೃಭಾಷೆ ಬೇಕು. ನೀವು ಈ ಪುಟಗಳಲ್ಲಿ ಖುತ್ಬಾದ ಸಾರವನ್ನು ಕನ್ನಡದಲ್ಲಿ ಓದುವುದೂ ಅದಕ್ಕಾಗಿಯೇ. ಅಝಾನ್ ಮಾತ್ರ ಇಡೀ ಉಮ್ಮತ್ತಿನ ಕರೆ. ಮಂಗಳೂರಿನವನು ಇಸ್ತಾಂಬುಲ್‌ಗೆ ಹೋದರೆ ಅಲ್ಲಿನ ಅಂಗಡಿಯವನ ಮಾತು ತಿಳಿಯದಿರಬಹುದು, ಮಸೀದಿಯ ಕರೆ ತಿಳಿಯುತ್ತದೆ. ನಮ್ಮ ಮಕ್ಕಳು ಕನ್ನಡವನ್ನು ಚೆನ್ನಾಗಿ ಕಲಿಯಲಿ, ಅಝಾನ್‌ನ ಅರ್ಥವನ್ನೂ ಕನ್ನಡದಲ್ಲೇ ತಿಳಿಯಲಿ. ಎರಡನ್ನೂ ಉಳಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.